ಗೈಡ್‌ಗೆ ಸಿಗದ ಮೂರು ಉಲ್ಲೇಖಗಳು: ಕಿರುಪ್ರಬಂಧಕ್ಕೆ ಎಐ ಬಳಸುವುದು ಹೇಗೆ, ಎಲ್ಲಿಯವರೆಗೆ?

ಪ್ರಶ್ನೆ: ನಾನು ಎಂ.ಎ. ಇತಿಹಾಸ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಮುಳಬಾಗಿಲು ಮತ್ತು ಬಂಗಾರಪೇಟೆ ತಾಲ್ಲೂಕುಗಳ ಕೆರೆ ಶಾಸನಗಳ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯಕ್ಕೆ ಚಾಟ್‌ಜಿಪಿಟಿ ಕೊಟ್ಟ ಎಂಟು ಉಲ್ಲೇಖಗಳನ್ನು ಹಾಕಿದ್ದೆ. ಅವುಗಳಲ್ಲಿ ಮೂರು ಎಲ್ಲೂ ಸಿಗುತ್ತಿಲ್ಲವೆಂದು ಗೈಡ್ ಅಧ್ಯಾಯ ವಾಪಸ್ ಕೊಟ್ಟಿದ್ದಾರೆ. ಕಲಿತಿದ್ದು ಕನ್ನಡ ಮಾಧ್ಯಮದಲ್ಲಿ, ಪ್ರಬಂಧ ಮಾತ್ರ ಇಂಗ್ಲಿಷ್‌ನಲ್ಲಿ ಬರೆಯಬೇಕಿದೆ. ಹಾಗಾಗಿ ಭಾಷೆಯನ್ನೂ ಅದರಿಂದಲೇ ತಿದ್ದಿಸುತ್ತಿದ್ದೇನೆ. ಇದು ತಪ್ಪೇ? ಪೂರ್ತಿ ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಕಿಲ್ಲ. ಆದರೆ ಬಳಸುವ ದಿಕ್ಕು ತಿರುಗಬೇಕು. ನೀವು ಚಾಟ್‌ಬಾಟ್‌ನಿಂದ ಸಾಮಗ್ರಿ ಕೇಳಿದ್ದೀರಿ. ಸಾಮಗ್ರಿ ನಿಮ್ಮ ಕಡೆಯಿಂದ ಹೋಗಬೇಕು, ಅದರ ಮೇಲಿನ ಕೆಲಸವನ್ನಷ್ಟೇ ಅದಕ್ಕೆ ಒಪ್ಪಿಸಬೇಕು. ಈ ಉತ್ತರದ ಉಳಿದದ್ದೆಲ್ಲ ಇದೇ ಮಾತಿನ ವಿವರ.

ಮೊದಲು ಆ ಮೂರು ಉಲ್ಲೇಖಗಳು. ಚಾಟ್‌ಬಾಟ್ ಕಪಾಟಿನಿಂದ ಪುಸ್ತಕ ತೆಗೆದು, ಪುಟ ತಿರುವಿ, ಹೆಸರು ಬರೆದುಕೊಡುವುದಿಲ್ಲ. ಕೋಟ್ಯಂತರ ಪುಟಗಳ ಪಠ್ಯದಿಂದ ಯಾವ ಪದದ ಬಳಿಕ ಯಾವ ಪದ ಬರುವುದು ಸಹಜ ಎಂದು ಕಲಿತು, ಆ ಲೆಕ್ಕದ ಮೇಲೆ ವಾಕ್ಯ ಕಟ್ಟುತ್ತದೆ. ಉಲ್ಲೇಖ ಎನ್ನುವುದು ಅಚ್ಚುಕಟ್ಟಾದ ಸಾಲು: ಲೇಖಕ, ವರ್ಷ, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ. ಆ ಅಚ್ಚು ಅದಕ್ಕೆ ಬಾಯಿಪಾಠ. ಅಚ್ಚಿನೊಳಗೆ ತುಂಬಬೇಕಾದ ಮಾಹಿತಿ ಇಲ್ಲದಾಗ, ಆ ವಿಷಯಕ್ಕೆ ಒಪ್ಪುವಂಥ ಹೆಸರು, ಒಪ್ಪುವಂಥ ವರ್ಷವನ್ನು ತುಂಬಿಬಿಡುತ್ತದೆ. ಕರ್ನಾಟಕದ ಸ್ಥಳೀಯ ಇತಿಹಾಸದಲ್ಲಿ ಈ ಅಪಾಯ ಇನ್ನೂ ಹೆಚ್ಚು. ನಮ್ಮ ಬಹಳಷ್ಟು ಸಂಶೋಧನಾ ಲೇಖನಗಳು ಅಭಿನಂದನ ಗ್ರಂಥಗಳಲ್ಲಿ, ವಿಚಾರ ಸಂಕಿರಣದ ಸಂಪುಟಗಳಲ್ಲಿ, ನಿಂತುಹೋದ ನಿಯತಕಾಲಿಕೆಗಳಲ್ಲಿ ಇವೆ. ಅವುಗಳಲ್ಲಿ ಎಷ್ಟೋ ಅಂತರ್ಜಾಲಕ್ಕೆ ಬಂದೇ ಇಲ್ಲ. ಬಾರದ್ದನ್ನು ಯಂತ್ರ ಓದಿರಲು ಸಾಧ್ಯವಿಲ್ಲ.

ಸುಳ್ಳು ಉಲ್ಲೇಖ ಮೂರು ಬಗೆಯಲ್ಲಿ ಬರುತ್ತದೆ. ಪೂರ್ತಿ ಕಲ್ಪಿತವಾದದ್ದು ಸುಲಭವಾಗಿ ಸಿಕ್ಕಿಬೀಳುತ್ತದೆ. ಲೇಖಕರೂ ನಿಜ, ಪತ್ರಿಕೆಯೂ ನಿಜ, ಆ ಲೇಖನ ಮಾತ್ರ ಇಲ್ಲ ಎನ್ನುವುದು ಎರಡನೆಯದು; ನಿಮ್ಮ ಮೂರೂ ಬಹುಶಃ ಈ ಜಾತಿಯವು. ಮೂರನೆಯದೇ ಹೆಚ್ಚು ಅಪಾಯದ್ದು: ಲೇಖನ ಇದೆ, ಕೊಂಡಿ ತೆರೆಯುತ್ತದೆ, ಆದರೆ ಅದರಲ್ಲಿ ಇದೆಯೆಂದು ಚಾಟ್‌ಬಾಟ್ ಹೇಳಿದ ಮಾತು ಅಲ್ಲಿಲ್ಲ. ಅಂತರ್ಜಾಲ ಹುಡುಕಿ ಉತ್ತರಿಸುವ ಚಾಟ್‌ಬಾಟ್‌ಗಳಲ್ಲಿ ಮೊದಲ ಎರಡು ಕಡಿಮೆಯಾಗುತ್ತವೆ, ಮೂರನೆಯದು ಉಳಿಯುತ್ತದೆ. ಆದ್ದರಿಂದ ನಿಮಗೆ ಸಿಕ್ಕಿರುವ ಉಳಿದ ಐದನ್ನೂ ನಂಬಬೇಡಿ. ಒಂದೊಂದನ್ನೂ ತೆರೆದು, ನೀವು ಆಧಾರವಾಗಿ ಕೊಟ್ಟ ಮಾತು ಯಾವ ಪುಟದಲ್ಲಿದೆ ಎಂದು ಬೆರಳಿಟ್ಟು ನೋಡಿ.

ಪರಿಶೀಲನೆಯನ್ನು ಅದೇ ಚಾಟ್‌ಬಾಟ್‌ಗೆ ಒಪ್ಪಿಸಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರೊಬ್ಬರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಸಲ್ಲಿಸುವ ಮೊದಲು 'ಇವು ನಿಜವೇ' ಎಂದು ಅದನ್ನೇ ಕೇಳಿದ್ದರು, ಅದು ನಿಜವೆಂದಿತ್ತು. ಆ ತೀರ್ಪುಗಳು ಎಲ್ಲೂ ಇರಲಿಲ್ಲ. ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು.

ಸರಿಯಾದ ದಾರಿ ಹೀಗಿದೆ. ಇಂಗ್ಲಿಷ್ ಪತ್ರಿಕೆಯ ಲೇಖನವಾದರೆ ಡಿಒಐ, ಅಂದರೆ ಆ ಲೇಖನಕ್ಕೆಂದೇ ಕೊಟ್ಟ ಗುರುತಿನ ಸಂಖ್ಯೆ, ಇದೆಯೇ ನೋಡಿ; ಅದು ಯಾವಾಗಲೂ 10 ಎಂಬ ಅಂಕಿ ಮತ್ತು ಚುಕ್ಕಿಯಿಂದ ಶುರುವಾಗುತ್ತದೆ. ಡಿಒಐ ತಾಣದಲ್ಲಿ ಹಾಕಿದಾಗ ಅದೇ ಶೀರ್ಷಿಕೆ ತೆರೆಯಬೇಕು. ಬೇರೆ ಲೇಖನ ತೆರೆದರೂ ಉಲ್ಲೇಖ ಸುಳ್ಳೇ. ಸಂಖ್ಯೆ ಇಲ್ಲದಿದ್ದರೆ ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಪಿಎಚ್.ಡಿ. ಪ್ರಬಂಧವಾದರೆ ಅಂಥ ಪ್ರಬಂಧಗಳನ್ನು ಒಟ್ಟುಗೂಡಿಸಿಟ್ಟಿರುವ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ತಾಣದಲ್ಲಿ ನೋಡಿ. ಕನ್ನಡ ಪುಸ್ತಕವಾದರೆ ವಿಶ್ವವಿದ್ಯಾಲಯದ ಗ್ರಂಥಾಲಯದ ಕ್ಯಾಟಲಾಗ್, ಅದಾದ ಮೇಲೆ ಗ್ರಂಥಪಾಲಕರು. ನಿಮ್ಮದು ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯವಾದರೆ 'ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್' ಬಗ್ಗೆ ಅವರನ್ನು ಖಂಡಿತ ಕೇಳಿ. 2025ರ ಜನವರಿ 1ರಿಂದ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಈ ಯೋಜನೆಯಡಿ ತೆರೆದಿವೆ. ಹಣ ಕೊಟ್ಟು ಓದಬೇಕೆಂದು ಬಿಟ್ಟಿದ್ದ ಲೇಖನ ನಿಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲೇ ತೆರೆಯಬಹುದು.

ಶಾಸನಗಳ ಉಲ್ಲೇಖಕ್ಕೆ ಪ್ರತ್ಯೇಕ ಎಚ್ಚರ ಬೇಕು, ಯಾಕೆಂದರೆ ಇಲ್ಲಿ ಮನುಷ್ಯರೂ ಎಡವುತ್ತಾರೆ. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕ ಎರಡು ಬಾರಿ ಬಂದಿದೆ: ಬಿ.ಎಲ್. ರೈಸ್ ಅವರ ಹಳೆಯ ಸಂಪುಟಗಳು, 1972ರಿಂದ ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಸಂಪುಟಗಳು. ಎರಡರ ಸಂಪುಟ ಸಂಖ್ಯೆ ಹೊಂದುವುದಿಲ್ಲ. ಬೇಲೂರಿನ ಶಾಸನಗಳು ರೈಸ್‌ನಲ್ಲಿ 5ನೇ ಸಂಪುಟದಲ್ಲಿವೆ, ಪರಿಷ್ಕೃತದಲ್ಲಿ 9ರಲ್ಲಿ. ರೈಸ್‌ನ 9 ಎಂದರೆ ಬೆಂಗಳೂರು ಜಿಲ್ಲೆ. ಚಾಟ್‌ಬಾಟ್ ಈ ಎರಡನ್ನೂ ಕಲಸಿ, ಒಂದರ ಸಂಪುಟಕ್ಕೆ ಇನ್ನೊಂದರ ಸಂಖ್ಯೆ ಅಂಟಿಸಿದರೆ ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ನಿಮಗೆ ಬೇಕಾದ್ದು ರೈಸ್‌ನ 10ನೇ ಸಂಪುಟ, ಕೋಲಾರ. ಅದರಲ್ಲಿ ಬಂಗಾರಪೇಟೆ ಎಂದು ಹುಡುಕಿದರೆ ಸಿಗುವುದಿಲ್ಲ. ಆಗಿನ ಹೆಸರು ಬೌರಿಂಗ್‌ಪೇಟೆ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಅದೇ ಸಂಪುಟದಲ್ಲಿವೆ, ಆ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಅನುವಾದ, ರೋಮನ್ ಲಿಪಿಯ ಪಾಠ, ಮೂಲ ಲಿಪಿಯ ಪಾಠ ಮೂರಕ್ಕೂ ಪುಟ ಸಂಖ್ಯೆ ಬೇರೆ ಬೇರೆಯಾಗಿ ಶುರುವಾಗುವುದರಿಂದ ಪುಟದ ಬದಲು ತಾಲ್ಲೂಕು ಮತ್ತು ಶಾಸನ ಸಂಖ್ಯೆ ಕೊಡಿ, ಯಾವ ಆವೃತ್ತಿ ಎಂಬುದನ್ನೂ ಬರೆಯಿರಿ.

ಇನ್ನು ಸಾಮಗ್ರಿ ಕೊಟ್ಟು ಕೆಲಸ ಮಾಡಿಸುವ ಬಗೆ. ಸಂಪುಟದ ಸ್ಕ್ಯಾನ್ ಸಿಕ್ಕಿದೆ ಎಂದುಕೊಳ್ಳೋಣ. ಇಡೀ ಪಿಡಿಎಫ್ ಹಾಕಬೇಡಿ. ಬೇಕಾದ ಪುಟಗಳನ್ನಷ್ಟೇ ಬೇರೆ ಮಾಡಿ. ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಏನೂ ಬಾರದಿದ್ದರೆ ಅದು ಬರೀ ಚಿತ್ರ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಬಂದರೆ ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್. ಕನ್ನಡದ ಎಷ್ಟೋ ಪ್ರಬಂಧಗಳ ಪಿಡಿಎಫ್ ಹೀಗೇ ಇದೆ. ಪರದೆಯ ಮೇಲೆ ನಿಮಗೆ ಕನ್ನಡ ಕಾಣುತ್ತದೆ, ಯಂತ್ರದ ಕೈಗೆ ಹೋಗುವುದು ಆ ಗೋಜಲು. ಹಾಗಿದ್ದೂ ಅದು ಸುಮ್ಮನಿರದೆ, ಅಲ್ಲಲ್ಲಿ ಅರ್ಥವಾದ ಹೆಸರು ಹಿಡಿದು ಸಾರಾಂಶ ಬರೆದುಕೊಡಬಹುದು. ಚಿತ್ರವಾದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಕನ್ನಡ ಅಕ್ಷರಗಳನ್ನು ಅದು ಪಠ್ಯವಾಗಿಸುತ್ತದೆ. ಹಳೆಯ ಫಾಂಟ್ ಆದರೆ ಯೂನಿಕೋಡ್ ಪರಿವರ್ತಕ ಬಳಸಿ.

ಹೀಗೆ ಬಂದ ಪಠ್ಯವನ್ನು ಮೂಲದ ಪಕ್ಕದಲ್ಲಿಟ್ಟು ತಿದ್ದಲೇಬೇಕು. ಒತ್ತಕ್ಷರ, ದೀರ್ಘ, ಹಳಗನ್ನಡದ ಱ ಮತ್ತು ೞ ಹಾಳಾಗುವುದು ಸಾಮಾನ್ಯ. ಇತಿಹಾಸದವರಿಗೆ ಅದಕ್ಕಿಂತ ದೊಡ್ಡ ಅಪಾಯ ಅಂಕಿಗಳದ್ದು. ಕನ್ನಡದ ಸೊನ್ನೆಯೂ ಅನುಸ್ವಾರವೂ ಒಂದೇ ಆಕಾರ. ೬ ಮತ್ತು ೯ ಹತ್ತಿರ ಹತ್ತಿರ. ಒಂದು ಅಂಕಿ ತಪ್ಪಿದರೆ ಶಾಸನ ಮೂವತ್ತು ವರ್ಷ ಹಿಂದೆಯೋ ಮುಂದೆಯೋ ಹೋಗುತ್ತದೆ.

ಪಠ್ಯ ತಿದ್ದಿದ ಮೇಲೆ ಚಾಟ್‌ಬಾಟ್ ನಿಜಕ್ಕೂ ಉಪಕಾರಿ. ಅದಕ್ಕೆ ಹೀಗೆ ಬರೆಯಬಹುದು: 'ಕೆಳಗೆ ಐದು ಶಾಸನಗಳ ಪಠ್ಯವಿದೆ. ಪ್ರತಿಯೊಂದಕ್ಕೂ ಶಾಸನ ಸಂಖ್ಯೆ, ಊರು, ಶಕವರ್ಷ, ಸಂವತ್ಸರ, ಅರಸ, ದಾನ ಕೊಟ್ಟವರು, ಪಡೆದವರು, ಭೂಮಿಯ ಅಳತೆ, ದಾನಕ್ಕೆ ಬಳಸಿದ ಪದ ಎಂಬ ಕಲಮುಗಳ ಪಟ್ಟಿ ಮಾಡು. ಪ್ರತಿ ಮಾಹಿತಿಯ ಮುಂದೆ ಅದು ಪಠ್ಯದ ಯಾವ ಸಾಲಿನಲ್ಲಿದೆ ಎಂದು ಬರೆ. ಪಠ್ಯದಲ್ಲಿ ಇಲ್ಲದಿದ್ದರೆ ಇಲ್ಲ ಎಂದು ಬರೆ, ಹೊರಗಿನಿಂದ ತರಬೇಡ. ದಾನದ ಪದವನ್ನು ಅನುವಾದಿಸದೆ ಇದ್ದಂತೆಯೇ ಇಡು.' ಸಾಲು ಸಂಖ್ಯೆ ಕೇಳುವುದರಿಂದ ನಿಮ್ಮ ಪರಿಶೀಲನೆ ಬೇಗ ಮುಗಿಯುತ್ತದೆ. 'ಇಲ್ಲ ಎಂದು ಬರೆ' ಎಂದು ಹೇಳದಿದ್ದರೆ ಖಾಲಿ ಬಿಡಬೇಕಾದ ಕಡೆ ಏನನ್ನಾದರೂ ತುಂಬುವ ಸಾಧ್ಯತೆ ಹೆಚ್ಚು. ಒಮ್ಮೆಗೆ ಐದೇ ಕೊಡಿ. ಅರವತ್ತು ಒಟ್ಟಿಗೆ ಸುರಿದರೆ ನಡುವಿನವು ಕೈತಪ್ಪುತ್ತವೆ. ಕೊನೆಯಲ್ಲಿ 'ಎಷ್ಟು ಶಾಸನಗಳಲ್ಲಿ ತೂಬಿನ ಉಲ್ಲೇಖವಿದೆ' ಎಂಬ ಎಣಿಕೆಯನ್ನು ಅದಕ್ಕೆ ಬಿಡಬೇಡಿ, ಎಣಿಸುವುದರಲ್ಲಿ ಅದು ಸೋಲಬಹುದು. ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ ಫಿಲ್ಟರ್ ಮಾಡಿ ಎಣಿಸಿ.

ದಾನದ ಪದವನ್ನು ಇದ್ದಂತೆಯೇ ಇಡಿಸಬೇಕೆಂದದ್ದಕ್ಕೆ ಕಾರಣವಿದೆ. ನಿಮ್ಮ ಪ್ರಬಂಧದ ಜೀವವೇ ಈ ಪದಗಳಲ್ಲಿದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿಸಿದ್ದಕ್ಕೆ, ಕೆರೆ ನೋಡಿಕೊಳ್ಳುವುದಕ್ಕೆ ಬಿಟ್ಟ ಮಾನ್ಯ, ಅಂದರೆ ದಾನದ ಭೂಮಿ. 'ಬಿತ್ತು' ಎಂಬ ಮೊದಲ ಎರಡು ಅಕ್ಷರ ನೋಡಿ ಯಂತ್ರ ಅದನ್ನು ಬಿತ್ತನೆಯ ಹೊಲ ಮಾಡಬಹುದು. ಕಟ್ಟುಗೊಡಗೆ ಕೆರೆ ಕಟ್ಟಿದವನಿಗೆ, ನೆತ್ತರುಗೊಡಗೆ ಕಾದಿ ಮಡಿದ ವೀರನ ಮನೆಯವರಿಗೆ. ಎರಡಕ್ಕೂ 'ಗ್ರ್ಯಾಂಟ್' ಎಂದು ಒಂದೇ ಪದ ಹಾಕಿಬಿಟ್ಟರೆ ನೀರಾವರಿಯ ದಾಖಲೆಗೂ ಯುದ್ಧದ ದಾಖಲೆಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ದಸವಂದವೂ ಹಾಗೆಯೇ, ಹತ್ತನೆಯ ಒಂದು ಎಂಬ ಪದಾರ್ಥ ಹಿಡಿದು ತೆರಿಗೆ ಎಂದು ಬರೆದರೆ ಕೆರೆ ದುರಸ್ತಿಗಾಗಿ ಕೊಟ್ಟ ಭೂಮಿ ಮಾಯವಾಗುತ್ತದೆ. ಈ ಪದಗಳಿಗೆ ಅರ್ಥ ಹೇಳಬೇಕಾದವರು ನೀವು, ಶಬ್ದಕೋಶ ಮತ್ತು ಗೈಡ್ ನೆರವಿನಿಂದ. ಕೋಲಾರದ ಸೀಮೆಯಲ್ಲಿ ತಮಿಳು, ತೆಲುಗು ಶಾಸನಗಳೂ ಬಹಳ. ಅವುಗಳ ಯಂತ್ರಾನುವಾದವನ್ನು ಓದಿನ ನೆರವಿಗೆ ಇಟ್ಟುಕೊಳ್ಳಿ, ಉಲ್ಲೇಖಕ್ಕೆ ಅಲ್ಲ.

ಕಾಲಗಣನೆಯನ್ನೂ ಕೈಯಿಂದಲೇ ಪರೀಕ್ಷಿಸಿ. ಶಕ 1156, ಜಯ ಸಂವತ್ಸರ ಎಂದಿದ್ದರೆ 78 ಕೂಡಿಸಿ ಕ್ರಿ.ಶ. 1234. ಮಾಘ, ಫಾಲ್ಗುಣದಂತೆ ಜನವರಿ ದಾಟಿದ ತಿಂಗಳಾದರೆ 79 ಕೂಡಿಸಬೇಕು; ಚಾಟ್‌ಬಾಟ್ ಇದನ್ನು ಮರೆಯಬಹುದು. ಸಂವತ್ಸರ ಹೊಂದುತ್ತದೆಯೇ ನೋಡುವುದು ಸುಲಭ, ಒಂದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 2014ರ ಯುಗಾದಿಗೆ ಜಯ ಸಂವತ್ಸರ ಶುರುವಾಯಿತು. 2014ರಲ್ಲಿ 1234 ಕಳೆದರೆ 780, ಅಂದರೆ ಸರಿಯಾಗಿ ಹದಿಮೂರು ಅರವತ್ತು. ಹೊಂದಿತು. ಒಂದು ವರ್ಷ ವ್ಯತ್ಯಾಸ ಬಂದರೆ ಗತವರ್ಷ, ವರ್ತಮಾನ ವರ್ಷದ ಪ್ರಶ್ನೆ, ಅಂದರೆ ಮುಗಿದ ವರ್ಷವನ್ನು ಬರೆದರೋ ನಡೆಯುತ್ತಿದ್ದ ವರ್ಷವನ್ನೋ ಎಂಬುದು ಇರಬಹುದು. ಹತ್ತಿಪ್ಪತ್ತು ವರ್ಷ ಬಂದರೆ ಅಂಕಿ ಓದಿದ್ದೇ ತಪ್ಪಿರಬೇಕು, ಮೂಲಕ್ಕೆ ಮರಳಿ.

ಹುಡುಕಾಟಕ್ಕೂ ಅದನ್ನು ಬಳಸಬಹುದು, ಉತ್ತರ ಕೇಳದೆ ಹುಡುಕುವ ಪದಗಳನ್ನು ಕೇಳಿದರೆ. ಬಿತ್ತುವಟ್ಟ, ಕೊಡಗೆ ಎಂಬ ಪದಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. 'ಸಾಧ್ಯವಿರುವ ಎಲ್ಲ ಕಾಗುಣಿತ ಕೊಡು' ಎಂದರೆ ಹತ್ತು ರೂಪ ಬರುತ್ತವೆ, ಪ್ರತಿಯೊಂದನ್ನೂ ಸ್ಕಾಲರ್‌ನಲ್ಲಿ, ಶೋಧಗಂಗಾದಲ್ಲಿ ಹಾಕಿ. ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಬೇಡಿ. 'ಈ ಕೆರೆ ಚೋಳರ ಕಾಲದ್ದಲ್ಲವೇ' ಎಂದರೆ ಹೌದೆನ್ನುವ ಕಡೆಗೇ ಅದು ವಾಲುತ್ತದೆ. 'ಈ ಪಠ್ಯದಿಂದ ಕಾಲದ ಬಗ್ಗೆ ಏನು ಹೇಳಬಹುದು, ಏನು ಹೇಳಲಾಗದು' ಎಂದು ಕೇಳಿ.

ಈಗ ನಿಮ್ಮ ಇಂಗ್ಲಿಷ್ ಪ್ರಶ್ನೆ. ಭಾಷೆ ತಿದ್ದಿಸಿಕೊಳ್ಳುವುದು ತಪ್ಪಲ್ಲ, ನಿಮ್ಮ ವಿಭಾಗ ಬೇಡವೆಂದು ಹೇಳಿರದಿದ್ದರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ದೊಡ್ಡ ಆಸರೆ, ಅದನ್ನು ಬಳಸಲು ಸಂಕೋಚ ಬೇಡ. ಆದರೆ 'ಇದನ್ನು ಚೆನ್ನಾಗಿ ಬರೆದುಕೊಡು' ಎಂದು ಕೇಳಿದರೆ ಬರಹ ನಿಮ್ಮ ಕೈ ಬಿಡುತ್ತದೆ. ಮೊದಲು ನೀವೇ ಬರೆಯಿರಿ, ತೊಡಕಾದರೆ ಕನ್ನಡದಲ್ಲೇ ಬರೆದು ಇಂಗ್ಲಿಷ್‌ಗೆ ತನ್ನಿ. ಒಂದೊಂದೇ ಪ್ಯಾರಾ ಕೊಟ್ಟು, 'ವ್ಯಾಕರಣ ತಪ್ಪುಗಳನ್ನು ಪಟ್ಟಿ ಮಾಡು, ಪ್ರತಿ ತಪ್ಪಿಗೆ ಕಾರಣ ಕನ್ನಡದಲ್ಲಿ ಹೇಳು, ಪ್ಯಾರಾವನ್ನು ತಿರುಗಿ ಬರೆಯಬೇಡ' ಎನ್ನಿ. ತಿದ್ದುಪಡಿಯನ್ನು ನೀವೇ ಟೈಪ್ ಮಾಡಿ. ನಿಧಾನ ಹೌದು, ಆದರೆ ಮೂರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅದೇ ತಪ್ಪುಗಳು ಮರುಕಳಿಸುವುದು ಕಡಿಮೆಯಾಗುತ್ತದೆ. ಪೂರ್ತಿ ತಿರುಗಿ ಬರೆಸಿದರೆ ಇನ್ನೊಂದು ಹಾನಿಯೂ ಇದೆ: ನೀವು 'ಇರಬಹುದು' ಎಂದದ್ದು 'ಆಗಿತ್ತು' ಆಗಿಬಿಡುತ್ತದೆ. ಏರಿ, ತೂಬು, ಕೋಡಿಗಳಿಗೆ ನೀವು ಆರಿಸಿದ ಇಂಗ್ಲಿಷ್ ಪದಗಳು ಬದಲಾಗಿ ಕೆರೆಯ ಏರಿ ಅಣೆಕಟ್ಟಾಗುತ್ತದೆ.

ನಿಯಮದ ಮಾತಿಗೆ ಬಂದರೆ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮಾವಳಿಯ ಪ್ರಕಾರ ಬೇರೆಯವರ ಬರಹದೊಂದಿಗೆ ಸಾಮ್ಯತೆ 10 ಶೇಕಡದವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಎಐ ಬರೆದ ಪಠ್ಯ ಈ ಪರೀಕ್ಷೆಯಲ್ಲಿ ಸೊನ್ನೆ ತೋರಿಸಬಹುದು, ಅದು ಎಲ್ಲಿಂದಲೂ ನಕಲಾದದ್ದಲ್ಲವಲ್ಲ. ಅದನ್ನು ನೋಡಿ ನಿರಾಳವಾಗಬೇಡಿ. ಅದೇ ನಿಯಮಾವಳಿಯಂತೆ ನೀವು ಸಹಿ ಹಾಕುವ ಮುಚ್ಚಳಿಕೆಯಲ್ಲಿ ಈ ಪ್ರಬಂಧ ನಾನೇ ಸಿದ್ಧಪಡಿಸಿದ್ದು, ನನ್ನ ಸ್ವಂತ ಕೆಲಸ ಎಂಬ ಮಾತಿದೆ. ನಿಮ್ಮನ್ನು ಹಿಡಿದಿಡುವುದು ಆ ಸಹಿ.

ಎಐ ಪತ್ತೆ ಮಾಡುವ ತಂತ್ರಾಂಶಗಳ ಭಯವೂ ನಿಮ್ಮಲ್ಲಿ ಇದ್ದೀತು. ಅವು ನಂಬಿಕೆಗೆ ಅರ್ಹವಲ್ಲ ಎಂಬುದನ್ನು ಪರೀಕ್ಷಕರೂ ತಿಳಿಯಬೇಕು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ತಂದ ಪತ್ತೆ ಸಾಧನ ಎಐ ಬರಹದ 26 ಶೇಕಡವನ್ನಷ್ಟೇ ಸರಿಯಾಗಿ ಗುರುತಿಸುತ್ತಿತ್ತು, ಮನುಷ್ಯರ ಬರಹದ 9 ಶೇಕಡವನ್ನು ಎಐ ಎನ್ನುತ್ತಿತ್ತು. ಅದೇ ಜುಲೈನಲ್ಲಿ ಅದನ್ನು ನಿಲ್ಲಿಸಿದರು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದೇ ವರ್ಷ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಏಳು ಸಾಧನಗಳಿಗೆ ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಎಐ ಬರಹವೆಂದು ತಪ್ಪಾಗಿ ಗುರುತಾದವು. ಸರಳ ಪದಗಳಲ್ಲಿ, ಪಾಠದಲ್ಲಿ ಕಲಿತ ವಾಕ್ಯರಚನೆಯಲ್ಲಿ ಬರೆಯುವ ನಿಮ್ಮಂಥವರೇ ಇದಕ್ಕೆ ಮೊದಲು ಸಿಗುವುದು. ರಕ್ಷಣೆ ಒಂದೇ: ಕೆಲಸದ ಕುರುಹು ಉಳಿಸಿಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ದಿನದಿನದ ಬದಲಾವಣೆ ದಾಖಲಾಗಿರುತ್ತದೆ. ಕೈಬರಹದ ಟಿಪ್ಪಣಿ, ಕ್ಷೇತ್ರಕಾರ್ಯದ ಫೋಟೊ, ಚಾಟ್‌ಗಳ ಪ್ರತಿ ಎಲ್ಲ ಒಂದು ಫೋಲ್ಡರಿನಲ್ಲಿರಲಿ. ಎಐ ಬರಹವನ್ನು ಮನುಷ್ಯರ ಬರಹದಂತೆ ಮಾಡಿಕೊಡುತ್ತೇವೆ ಎನ್ನುವ ತಾಣಗಳ ಹತ್ತಿರ ಸುಳಿಯಬೇಡಿ. ಅವು ಪದ ಬದಲಿಸಿ ಅರ್ಥ ಕೆಡಿಸುತ್ತವೆ, ನಿಮ್ಮ ಪ್ರಾಮಾಣಿಕ ಕೆಲಸವನ್ನೂ ಮುಚ್ಚಿಟ್ಟದ್ದರಂತೆ ಕಾಣಿಸುತ್ತವೆ.

ಬಳಸಿದ್ದನ್ನು ಬಳಸಿದ್ದೇನೆಂದು ಬರೆಯಿರಿ. ಸಂಶೋಧನಾ ವಿಧಾನದ ಭಾಗದ ಕೊನೆಗೆ ನಾಲ್ಕು ವಾಕ್ಯ ಸಾಕು: 'ಶಾಸನ ಪಠ್ಯಗಳಿಂದ ಮಾಹಿತಿಯನ್ನು ಪಟ್ಟಿ ಮಾಡಲು ಮತ್ತು 2, 3ನೇ ಅಧ್ಯಾಯಗಳ ಇಂಗ್ಲಿಷ್ ವ್ಯಾಕರಣ ದೋಷ ಗುರುತಿಸಲು ಇಂಥ ಚಾಟ್‌ಬಾಟ್‌ನ ಇಂಥ ಆವೃತ್ತಿಯನ್ನು ಇಂಥ ತಿಂಗಳುಗಳಲ್ಲಿ ಬಳಸಿದ್ದೇನೆ. ಪಟ್ಟಿಯ ಪ್ರತಿ ನಮೂದನ್ನು ಮುದ್ರಿತ ಸಂಪುಟದೊಂದಿಗೆ ಹೋಲಿಸಿದ್ದೇನೆ. ಉಲ್ಲೇಖಗಳನ್ನು ಅದರಿಂದ ಪಡೆದಿಲ್ಲ. ವಿಶ್ಲೇಷಣೆ ಮತ್ತು ತೀರ್ಮಾನಗಳು ನನ್ನವು.' ಬರೆದದ್ದು ಅಕ್ಷರಶಃ ನಿಜವಾಗಿರಬೇಕು. ಚಾಟ್‌ಬಾಟ್‌ನ ಉತ್ತರವನ್ನು ಆಕರವೆಂದು ಗ್ರಂಥಸೂಚಿಯಲ್ಲಿ ಹಾಕಬೇಡಿ.

ಕೆರೆಗಳ ಮೇಲೆ ಬರೆಯುತ್ತಿದ್ದೀರಿ ಎಂದರೆ ಗದ್ದೆಗಳಿಗೆ ಕೆರೆಯ ನೀರು ಹಂಚುವ ನೀರಗಂಟಿಗಳನ್ನು ಮಾತನಾಡಿಸಿಯೇ ಇರುತ್ತೀರಿ. ಆ ಸಂದರ್ಶನಗಳ ಆಡಿಯೊ, ಹೆಸರು, ಫೋನ್ ನಂಬರು, ಜಮೀನಿನ ಸರ್ವೆ ನಂಬರು, ಒತ್ತುವರಿಯ ಬಗ್ಗೆ ಅವರು ನಂಬಿಕೆಯಿಂದ ಆಡಿದ ಮಾತು ಯಾವುದೂ ಚಾಟ್‌ಬಾಟ್‌ಗೆ ಹೋಗಬಾರದು. ಅವರು ಒಪ್ಪಿದ್ದು ನಿಮ್ಮೆದುರು ಮಾತನಾಡಲು. ಪಠ್ಯವನ್ನು ವಿಂಗಡಿಸಲು ನೆರವು ಬೇಕೇ ಬೇಕೆಂದರೆ ನೀರಗಂಟಿ 1, ನೀರಗಂಟಿ 2 ಎಂದು ಗುರುತು ಹಾಕಿ, ಊರನ್ನೂ ತೆಗೆದು ಕೊಡಿ. ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ನಲ್ಲಿ ನಿಮ್ಮ ಮಾತುಕತೆಯನ್ನು ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿಡಿ. ಅಪ್ರಕಟಿತ ಶಾಸನದ ಪಾಠವನ್ನು ಗೈಡ್ ಕೊಟ್ಟಿದ್ದರೆ ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ತಯಾರಿಗೆ ಮಾತ್ರ ಚಾಟ್‌ಬಾಟ್ ಅನ್ನು ಧಾರಾಳವಾಗಿ ಬಳಸಿ. ಅಧ್ಯಾಯ ಕೊಟ್ಟು, 'ನೀನು ಹೊರಗಿನ ಪರೀಕ್ಷಕ. ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರಿಸುವವರೆಗೆ ನೀನು ಉತ್ತರ ಹೇಳಬೇಡ, ನನ್ನ ಉತ್ತರದಲ್ಲಿ ಆಧಾರ ಸಾಲದ ಕಡೆ ತೋರಿಸು' ಎನ್ನಿ. ಬಾಯಿಬಿಟ್ಟು ಉತ್ತರಿಸಿ. ತಡವರಿಸುವ ಜಾಗವೇ ನೀವು ಮತ್ತೆ ಓದಬೇಕಾದ ಜಾಗ.

ಈ ವಾರ ಮಾಡಬೇಕಾದದ್ದು: ಮೂರು ಉಲ್ಲೇಖಗಳನ್ನು ತೆಗೆಯಿರಿ, ಅವುಗಳ ಮೇಲೆ ನಿಂತಿದ್ದ ವಾಕ್ಯಗಳನ್ನೂ ತೆಗೆಯಿರಿ. ಆಧಾರ ಹೋದ ಮೇಲೆ ವಾಕ್ಯಕ್ಕೆ ಬೇರೆ ಆಧಾರ ಹುಡುಕಿ ಅಂಟಿಸುವುದು ಅದೇ ತಪ್ಪಿನ ಇನ್ನೊಂದು ರೂಪ. ಉಳಿದ ಐದರ ಪುಟಗಳ ಫೋಟೊ ತೆಗೆದುಕೊಂಡು, ಏನಾಯಿತೆಂದು ಗೈಡ್‌ಗೆ ನೇರವಾಗಿ ಹೇಳಿ. ಯಾವ ಕೆಲಸಕ್ಕೆ ಎಐ ಬಳಸಬಹುದೆಂದು ಅವರನ್ನೇ ಕೇಳಿ, ಅವರ ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.